ಆನ್‌ಲೈನಲ್ಲಿ ಮಾತಾಡೋ ಕನ್ನಡ ಕಲಿಸಬೇಕು ಅಂತಿದೆ, "ಕಲಿಸೋಕೆ ನಾನ್ಯಾರು" ಅನ್ನೋ ಅನುಮಾನ ಬಿಡ್ತಿಲ್ಲ

ಏಲಕ್ಕಿಹಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಊರು ಹಾವೇರಿ. ಬಿ.ಎ., ಬಿ.ಎಡ್. ಆಗಿದೆ, ವಿಷಯ ಇತಿಹಾಸ, ಕನ್ನಡ ಅಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹೊರರಾಜ್ಯದವರಿಗೆ ಆನ್‌ಲೈನ್ ಕ್ಲಾಸ್ ಮಾಡಬೇಕು ಅಂತ ಮೂರು ತಿಂಗಳಿಂದ ತಯಾರಿ ನಡೆದಿದೆ. ಪೋಸ್ಟರ್ ಕೂಡ ಮಾಡಿಟ್ಟಿದ್ದೇನೆ. ಹಾಕೋದಕ್ಕೆ ಕೈ ಬರ್ತಿಲ್ಲ.

ತಡೀತಿರೋದು ಏನು ಅಂತ ಬರೆದುಕೊಂಡೆ: ನನ್ನ ಕನ್ನಡ ಉತ್ತರ ಕರ್ನಾಟಕದ್ದು, ಬೆಂಗಳೂರಲ್ಲಿ ನಗಬಹುದು. ಕನ್ನಡದಲ್ಲಿ ಎಂ.ಎ. ಮಾಡಿಲ್ಲ, ವ್ಯಾಕರಣ ಕೇಳಿದರೆ ತಡವರಿಸ್ತೀನಿ. ಇಂಗ್ಲಿಷ್ ಓದಿದರೆ ತಿಳಿಯುತ್ತೆ, ಸರಾಗವಾಗಿ ಮಾತಾಡೋಕೆ ಬರಲ್ಲ. ಯೂಟ್ಯೂಬಲ್ಲಿ ಪುಕ್ಕಟೆ ಸಿಗೋದಕ್ಕೆ ನನಗೆ ದುಡ್ಡು ಯಾಕೆ ಕೊಡ್ತಾರೆ? ಕೊನೇದು, ಫೀಸು ಕೇಳೋದೇ ಮುಜುಗರ.

"ಧೈರ್ಯ ಮಾಡಿ, ನಿಮ್ಮಿಂದ ಆಗುತ್ತೆ" ಅಂತ ಮನೆಯವರು ಹೇಳ್ತಾನೇ ಇದಾರೆ. ಅದು ಅವತ್ತಿನ ರಾತ್ರಿವರೆಗೆ ಕೆಲಸ ಮಾಡುತ್ತೆ, ಬೆಳಿಗ್ಗೆ ಎದ್ದರೆ ಮತ್ತೆ ಅದೇ. ಗೊತ್ತಿರುವವರು ಹೇಗೆ ಮುಂದುವರಿಯೋದು ಹೇಳಿ.

---

ಅರಳಿಕಟ್ಟೆ:

ಐದು ಅನುಮಾನಗಳನ್ನು ಒಂದೇ ಗಂಟು ಕಟ್ಟಿ ಹೊತ್ತಿದ್ದೀರಿ ಮೇಡಂ, ಅದಕ್ಕೇ ಅಷ್ಟು ಭಾರ. ಬಿಚ್ಚಿ ನೋಡಿದರೆ ಐದೂ ಬೇರೆ ಬೇರೆ ಜಾತಿಯವು. ಪ್ರದೇಶದ ಕನ್ನಡದ್ದು ತಪ್ಪು ಕಲ್ಪನೆ. ವ್ಯಾಕರಣದ್ದು ನಿಜವಾದ ಕೊರತೆ, ಎರಡು ವಾರದ ಓದಿನಲ್ಲಿ ತುಂಬಿಕೊಳ್ಳುವಂಥದ್ದು. ಇಂಗ್ಲಿಷಿನದ್ದು ಅರ್ಧ ನಿಜ. ಯೂಟ್ಯೂಬ್ ಮತ್ತು ಫೀಸಿನದ್ದು ನೀವು ಏನು ಮಾರುತ್ತಿದ್ದೀರಿ ಅನ್ನೋದು ನಿಮಗೇ ಸ್ಪಷ್ಟ ಇಲ್ಲದಿರೋದರಿಂದ ಬಂದದ್ದು.

ಮನೆಯವರ ಧೈರ್ಯದ ಮಾತು ರಾತ್ರಿವರೆಗೆ ಮಾತ್ರ ನಿಲ್ಲೋದಕ್ಕೆ ಕಾರಣ ಇದೆ. "ಈ ಕೆಲಸ ನನ್ನಿಂದ ಆಗುತ್ತೆ" ಅನ್ನೋ ನಂಬಿಕೆ ಎಲ್ಲಿಂದ ಹುಟ್ಟುತ್ತೆ ಅಂತ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ನಾಲ್ಕು ಮೂಲ ಗುರುತಿಸಿದರು: ಸ್ವತಃ ಮಾಡಿ ಸಾಧಿಸಿದ್ದು, ನಮ್ಮಂಥವರು ಮಾಡೋದನ್ನ ನೋಡಿದ್ದು, ಬೇರೆಯವರ ಮಾತು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ಬೇರೆಯವರ ಮಾತಿನಿಂದ ಹುಟ್ಟಿದ ನಂಬಿಕೆ ಮೊದಲ ಸೋಲಿಗೇ ಕರಗುತ್ತೆ. ನೀವು ಮೂರು ತಿಂಗಳಿಂದ ಆ ಬಡ ಮೂಲದಿಂದಲೇ ನೀರು ಸೇದ್ತಾ ಇದೀರಿ.

ಹಾಗಾಗಿ ಪೋಸ್ಟರ್ ಪಕ್ಕಕ್ಕಿಡಿ. ಮೂರು ಜನರನ್ನ ಹುಡುಕಿ. ಒಬ್ಬರು ಹಿಂದಿ ಮನೆಮಾತಿನವರು, ಒಬ್ಬರು ತಮಿಳು ಅಥವಾ ತೆಲುಗಿನವರು, ಇನ್ನೊಬ್ಬರು ಯಾರಾದರೂ ಸರಿ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ 30 ನಿಮಿಷದ ನಾಲ್ಕು ಪಾಠ. ಒಟ್ಟು 12 ಪಾಠ, ಆರು ಗಂಟೆ. ಪ್ರತಿ ಪಾಠಕ್ಕೂ ಮುಂಚೆ ಒಂದು ಸಾಲು ಬರೆದಿಡಿ: "ಇದು ಮುಗಿದಾಗ ಇವರು ___ ಮಾಡಬಲ್ಲರು." ಉದಾಹರಣೆಗೆ, "ಹೋಟೆಲಲ್ಲಿ ಎರಡು ಕಾಫಿ ಹೇಳಿ, ಒಂದಕ್ಕೆ ಸಕ್ಕರೆ ಬೇಡ ಅನ್ನಬಲ್ಲರು." ಪಾಠದ ಕೊನೆಯ ಮೂರು ನಿಮಿಷ ನೀವೇ ಹೋಟೆಲ್‌ನವರಾಗಿ ಮಾತಾಡಿಸಿ. ಚೀಟಿ ನೋಡದೆ ಹೇಳಿದರೆ ಸರಿ ಗುರುತು, ಇಲ್ಲದಿದ್ದರೆ ಸೊನ್ನೆ.

12ರಲ್ಲಿ ಎಂಟು ಬಂದರೆ ಬ್ಯಾಚ್ ಶುರು ಮಾಡಿ. ಅದಕ್ಕಿಂತ ಕಡಿಮೆಯಾದರೆ "ನನಗೆ ಬರಲ್ಲ" ಅನ್ನೋ ತೀರ್ಮಾನಕ್ಕೆ ಹಾರಬೇಡಿ, ಸೊನ್ನೆ ಬಿದ್ದ ಪಾಠಗಳನ್ನ ಮಾತ್ರ ಮತ್ತೆ ನೋಡಿ. ಸಾಮಾನ್ಯವಾಗಿ ಮೂರರಲ್ಲಿ ಒಂದಾಗಿರುತ್ತೆ: ಹೊಸ ಪದ ಎಂಟಕ್ಕಿಂತ ಹೆಚ್ಚಾಗಿತ್ತು, ನೀವೇ ಅರ್ಧಕ್ಕಿಂತ ಹೆಚ್ಚು ಹೊತ್ತು ಮಾತಾಡಿದಿರಿ, ಅಥವಾ ಅವರು ಬಾಯಿಬಿಡುವ ಬದಲು ಬರೆದುಕೊಳ್ಳುತ್ತಾ ಕೂತರು. ಮೂರನ್ನೂ ಮುಂದಿನ ಪಾಠದಲ್ಲೇ ಸರಿಮಾಡಬಹುದು.

ಪೋಸ್ಟರ್‌ನಲ್ಲಿ ಏನಂತ ಬರೆದಿದ್ದೀರಿ? "30 ದಿನಗಳಲ್ಲಿ ನಿರರ್ಗಳ ಕನ್ನಡ" ಅಂತೇನಾದರೂ ಇದ್ದರೆ ಕೈ ಬರದಿರೋದು ಸಹಜ. ಅದು ಸುಳ್ಳು ಅಂತ ನಿಮ್ಮ ಒಳಮನಸ್ಸಿಗೆ ಗೊತ್ತಿದೆ. ಮಾತು ಕೊಡೋದನ್ನ ಚಿಕ್ಕದು ಮಾಡಿ, ಉಳಿಸಿಕೊಳ್ಳೋದು ಸುಲಭ.

---

ಗಿರ್ಮಿಟ್:

ಅಕ್ಕಾರ, ನಿಮ್ಮ ಮೊದಲನೇ ಸಂಶಯಕ್ಕ ಅಷ್ಟ ಉತ್ತರಾ ಕೊಡ್ತೀನಿ, ಉಳಿದದ್ದು ಬ್ಯಾರೇದವ್ರು ಹೇಳ್ಲಿ.

ಬೆಂಗಳೂರಾಗ ಕನ್ನಡ ಮಾತಾಡೋ ಮಂದಿ ಎಲ್ಲೆಲ್ಲಿಂದ ಬಂದಾರ ನೋಡ್ರಿ. ಆಟೋ ಓಡ್ಸಾವ್ರು ಮಂಡ್ಯ, ರಾಮನಗರ, ಕೋಲಾರ ಕಡೆಯವ್ರು. ಕಟ್ಟಡ ಕೆಲಸಕ್ಕ ಬಂದವ್ರು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವ್ರು. ಹೋಟೆಲ್ ಗಲ್ಲಾದ ಮ್ಯಾಲ ಕುಂತಾವ್ರು ಕುಂದಾಪುರ, ಉಡುಪಿಯವ್ರು. ನಿಮ್ಮ ವಿದ್ಯಾರ್ಥಿಗೆ ದಿನಾ ಈ ಎಲ್ಲಾ ಕನ್ನಡಾನೂ ಕಿವೀಗೆ ಬೀಳ್ತದ. ಬರೇ ಒಂದ ನಮೂನಿ ಕಲ್ಸಿದ್ರ, ಗೇಟಿನ್ಯಾಗ ಸೆಕ್ಯುರಿಟಿ ಅಣ್ಣ "ಎಲ್ಲಿಗೆ ಹೊಂಟ್ರಿ" ಅಂದಾಗ ಅವ ಬ್ಯಾ ಅಂತ ನಿಂದರ್ತಾನ.

ಕೆಲಸ ಹಿಂಗ ಮಾಡ್ರಿ. ವಿದ್ಯಾರ್ಥಿ ಬಾಯಿಂದ ಬರೂದು ಒಂದ ರೂಪ ಇರ್ಲಿ, ಬೆಂಗಳೂರು-ಮೈಸೂರು ಕಡೇದು, ಯಾಕಂದ್ರ ಅಂವ ಇರೂದು ಅಲ್ಲಿ. ಕಿವೀಗೆ ಮಾತ್ರ ಎರಡೂ ಹಾಕ್ರಿ. ನೀವು ಬದಲ್ ಮಾಡ್ಕೋಬೇಕಾದ್ದು ಭಾಳ ಇಲ್ಲ. ಒಂದ ಹಾಳ್ಯಾಗ ಬರ್ಕೊಂಡು ಲ್ಯಾಪ್‌ಟಾಪ್ ಬಾಜೂಕ ಹಚ್ರಿ:

ಮನಿ – ಮನೆ
ಮನ್ಯಾಗ – ಮನೇಲಿ
ನನಗ – ನಂಗೆ
ಐತಿ, ಅದ – ಇದೆ
ಹ್ಯಾಂಗ – ಹೇಗೆ
ಬ್ಯಾಡ – ಬೇಡ
ಭಾಳ – ತುಂಬಾ
ಮಾಡಾಕತ್ತೀನಿ – ಮಾಡ್ತಾ ಇದೀನಿ
ನಾಷ್ಟಾ – ತಿಂಡಿ
ಉಳ್ಳಾಗಡ್ಡಿ – ಈರುಳ್ಳಿ
ಬಟಾಟಿ – ಆಲೂಗಡ್ಡೆ
ದವಾಖಾನಿ – ಆಸ್ಪತ್ರೆ

ಇದರಾಗ ನಿಯಮಾನೂ ಅದ. ಅವರ ಕೊನೀ "ಎ" ನಮ್ಮ ಕಡೆ "ಇ" ಆಗ್ತದ (ಮನೆ-ಮನಿ, ಸಕ್ಕರೆ-ಸಕ್ರಿ), ಅವರ "ಗೆ" ನಮ್ಮಲ್ಲೆ ಕೆಲವು ಕಡೆ "ಗ" ಆಗ್ತದ (ನಂಗೆ-ನನಗ), ಅವರ "ಅಲ್ಲಿ" ಇರೋ ಕಡೆ ನಮ್ದು "ಆಗ". ಮೂರು ನಿಯಮ ತಿಳ್ಕೊಂಡ್ರ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗೀತು. ಊಟ-ತರಕಾರಿ ಶಬ್ದ ಮಾತ್ರ ಒಂದೊಂದ ಬಾಯಿಪಾಠ ಮಾಡ್ಬೇಕು.

"ರೀ" ಬಿಡಬ್ಯಾಡ್ರಿ ಮತ್ತ. ಹೊಸಬ್ರು ಯಾವ ವಾಕ್ಯಕ್ಕ ಮರ್ಯಾದಿ ಕಡಿಮಿ ಆತೋ ಅಂತ ಹೆದರ್ತಾರ. "ಬರ್ರಿ, ಕೊಡ್ರಿ, ಎಷ್ಟ್ರಿ" ಅಂದ್ರ ಯಾವ ಊರಾಗೂ ಯಾರೂ ಸಿಟ್ಟಾಗಂಗಿಲ್ಲ.

---

ಕಾಗುಣಿತ:

ಎಲ್ಲರೂ ಧೈರ್ಯ ತುಂಬುತ್ತಿರುವಾಗ ನಾನು ಸ್ವಲ್ಪ ತಣ್ಣೀರು ಹಾಕುತ್ತೇನೆ. ಎರಡನೇ ಅನುಮಾನ ಸರಿಯಾಗಿಯೇ ಇದೆ. ಮಾತಾಡಲು ಬರುವುದು ಬೇರೆ, ಕಲಿಸಲು ಬರುವುದು ಬೇರೆ. ಮನೆಮಾತಾದ ಭಾಷೆಯ ನಿಯಮಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ, ನಮ್ಮ ಉಸಿರಾಟ ನಮಗೆ ಕೇಳಿಸದ ಹಾಗೆ. ಆದರೆ ಇದಕ್ಕೆ ಎಂ.ಎ. ಬೇಕಿಲ್ಲ. ಎಂ.ಎ.ಯಲ್ಲಿ ಪಂಪ, ರನ್ನ, ಕೇಶಿರಾಜನನ್ನು ಓದುತ್ತಾರೆ. ಆಟೋದವರ ಹತ್ತಿರ ಚಿಲ್ಲರೆ ಕೇಳುವ ವಾಕ್ಯವನ್ನು ಮೂರನೇ ಪಾಠದಲ್ಲಿ ಹೇಗೆ ಕಟ್ಟಿಸಬೇಕು ಎಂಬುದು ಅಲ್ಲಿ ಬರುವುದಿಲ್ಲ.

ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಕೆಳಗಿನ ಪ್ರಶ್ನೆಗಳು ಮೊದಲ ತಿಂಗಳಲ್ಲೇ ಬರುತ್ತವೆ. ಪ್ರತಿಯೊಂದಕ್ಕೂ ಒಂದು ನಿಮಿಷದೊಳಗೆ, ಎರಡು ಉದಾಹರಣೆಯೊಂದಿಗೆ ಉತ್ತರಿಸಬಲ್ಲಿರಾ?

"ಅಲ್ಲ" ಯಾವಾಗ, "ಇಲ್ಲ" ಯಾವಾಗ? ಹಿಂದಿಯವರಿಗೆ ಎರಡಕ್ಕೂ "ನಹೀಂ" ಒಂದೇ. "ಇದು ನನ್ನ ಬೈಕ್ ಅಲ್ಲ" ಎಂದರೆ ಗುರುತನ್ನು ನಿರಾಕರಿಸುವುದು, "ನನ್ನ ಹತ್ತಿರ ಬೈಕ್ ಇಲ್ಲ" ಎಂದರೆ ಇರುವಿಕೆಯನ್ನು ನಿರಾಕರಿಸುವುದು.

"ಇಂದಿರಾನಗರಕ್ಕೆ" ಆದರೆ "ಮೈಸೂರಿಗೆ", "ಮನೆಗೆ" ಯಾಕೆ? ಅಕಾರದಲ್ಲಿ ಮುಗಿಯುವ ವಸ್ತು, ಸ್ಥಳದ ಹೆಸರಿಗೆ "ಕ್ಕೆ", ಉಕಾರಕ್ಕೆ "ಇಗೆ", ಎ-ಇ ಕಾರಕ್ಕೆ "ಗೆ". ಮನುಷ್ಯರಾದರೆ ಅಕಾರವಿದ್ದರೂ "ಅಣ್ಣನಿಗೆ".

"ನಾನು ಕಾಫಿ ಬೇಕು" ಯಾಕೆ ತಪ್ಪು? ಬೇಕು, ಗೊತ್ತು, ಇಷ್ಟ, ಹಸಿವು, ಜ್ವರ, ಇವೆಲ್ಲ "ನಂಗೆ" ಕೇಳುತ್ತವೆ. ಹಿಂದಿಯಲ್ಲಿ "ಮುಝೆ ಚಾಹಿಯೆ" ಎಂದು ಇದೇ ರಚನೆ ಇದೆ, ನೆನಪಿಸಿದರೆ ಸಾಕು. ಇಂಗ್ಲಿಷಿನಲ್ಲಿ ಯೋಚಿಸುವವರು ಮಾತ್ರ ಎಡವುತ್ತಾರೆ.

ಹೋಗಲ್ಲ, ಹೋಗಿಲ್ಲ, ಹೋಗ್ಲಿಲ್ಲ, ಹೋಗ್ತಿಲ್ಲ, ಹೋಗ್ಬೇಡಿ, ಹೋಗ್ಬಾರ್ದು, ಹೋಗಕ್ಕಾಗಲ್ಲ. ಏಳರ ವ್ಯತ್ಯಾಸ? ನಮಗೆ ಬಾಯಿಗೆ ತಾನಾಗಿ ಬರುತ್ತವೆ, ಬಿಡಿಸಿ ಹೇಳಲು ಕೂತಾಗ ಬೆವರುತ್ತೇವೆ. ಇದೊಂದನ್ನು ಚಾರ್ಟ್ ಮಾಡಿಟ್ಟುಕೊಂಡರೆ ನಿಮ್ಮ ಅರ್ಧ ಭಯ ಹೋಗುತ್ತದೆ.

"ಎರಡು ಪುಸ್ತಕ" ಸರಿ, "ಎರಡು ಹುಡುಗರು" ಯಾಕಲ್ಲ? ಮನುಷ್ಯರನ್ನು ಎಣಿಸುವಾಗ ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು. ಮಾತಿನಲ್ಲಿ "ಮೂರು ಜನ" ಎಂದರೂ ನಡೆಯುತ್ತದೆ. ಇಬ್ಬರವರೆಗೆ ಕಲಿಸಿ, ಮೇಲಿನದಕ್ಕೆ "ಜನ" ಹಚ್ಚಲು ಹೇಳಿ.

ಇನ್ನು ಪಾಠದ ಕ್ರಮ. ಹೊಸ ಶಿಕ್ಷಕರ ದೊಡ್ಡ ತಪ್ಪು ಅ ಆ ಇ ಈಯಿಂದ ಶುರು ಮಾಡುವುದು. ನಮಗೆ ಶಾಲೆಯಲ್ಲಿ ಹಾಗೆ ಕಲಿಸಿದರು, ಆದರೆ ಶಾಲೆಗೆ ಹೋಗುವ ಹೊತ್ತಿಗೆ ನಮಗೆ ಮಾತು ಬರುತ್ತಿತ್ತು. ಇವರಿಗೆ ಬರುವುದಿಲ್ಲ. 49 ಅಕ್ಷರ, ಕಾಗುಣಿತ, ಒತ್ತಕ್ಷರ ಮುಗಿಯುವಷ್ಟರಲ್ಲಿ ಎರಡು ತಿಂಗಳು ಕಳೆದು, "ಎಷ್ಟಾಯ್ತು" ಎಂದು ಕೇಳಲೂ ಬಾರದೆ ಅರ್ಧ ಜನ ಬಿಟ್ಟು ಹೋಗುತ್ತಾರೆ. ಆಮೇಲೆ ನಿಮಗೆ "ನಾನು ಕಲಿಸುವುದು ಸರಿಯಿಲ್ಲ" ಎಂಬ ಕೊರಗು. ತಪ್ಪು ಕ್ರಮದ್ದು, ನಿಮ್ಮದಲ್ಲ. (ನನ್ನ ಬಳಕೆದಾರ ಹೆಸರು ನೋಡಿ ನಗಬೇಡಿ.)

ಎಂಟು ವಾರ, ವಾರಕ್ಕೆ ಮೂರು, ಒಟ್ಟು 24 ತರಗತಿ ಎಂದಿಟ್ಟುಕೊಳ್ಳೋಣ. ಮೊದಲ ಎರಡು ವಾರ ಕ್ರಿಯಾಪದವನ್ನು ಕಾಲಕ್ಕೆ ತಕ್ಕಂತೆ ಬದಲಿಸುವುದೇ ಬೇಡ: ಇದೆ, ಇಲ್ಲ, ಬೇಕು, ಬೇಡ, ಕೊಡಿ, ಬನ್ನಿ, ನಿಲ್ಸಿ, ಎಷ್ಟು, ಎಲ್ಲಿ. ಇಷ್ಟರಲ್ಲೇ ಅಂಗಡಿ, ಆಟೋ, ಹೋಟೆಲ್ ಮುಗಿಯುತ್ತದೆ. ಮೂರನೇ ವಾರ "ಹೋಗ್ಬೇಕು, ಹೋಗ್ಬಹುದು, ಹೋಗಕ್ಕಾಗಲ್ಲ". ಇವುಗಳ ಗುಟ್ಟೇನೆಂದರೆ ನಾನು, ನೀವು, ಅವರು ಯಾರೇ ಆದರೂ ರೂಪ ಬದಲಾಗುವುದಿಲ್ಲ. ಒಂದು ರೂಪ ಕಲಿತವನು ಎಲ್ಲರ ಬಗ್ಗೆ ಮಾತಾಡಬಲ್ಲ. ನಾಲ್ಕು-ಐದನೇ ವಾರ "ಬರ್ತೀನಿ, ಬರ್ತೀರಾ, ಬರ್ತಾರೆ", ಜೊತೆಗೆ "ಬಸ್ ಬರುತ್ತೆ". ಮಾತಿನಲ್ಲಿ ಇದೇ ವರ್ತಮಾನ, ಇದೇ ಭವಿಷ್ಯ. "ನಾಳೆ ಬರುವೆನು" ಎಂದು ಕಲಿಸಿ ಪಾಪದವರನ್ನು ಯಕ್ಷಗಾನದ ವೇಷ ಮಾಡಬೇಡಿ. ಅವನು-ಅವಳು ರೂಪಗಳನ್ನು ಮುಂದಕ್ಕೆ ಹಾಕಿ, ಎಲ್ಲರಿಗೂ "ಅವರು" ಎಂದರೆ ಯಾರಿಗೂ ನೋವಾಗುವುದಿಲ್ಲ.

ಆರು-ಏಳನೇ ವಾರ ಭೂತಕಾಲ. ಇಲ್ಲಿ ಎಲ್ಲರೂ ಸುಸ್ತಾಗುತ್ತಾರೆ, ಮೊದಲೇ ಎಚ್ಚರಿಸಿ. ಮಾಡಿದೆ, ನೋಡಿದೆ, ಕುಡಿದೆ ನಿಯಮದಂತೆ ನಡೆಯುತ್ತವೆ. ಬಂದೆ, ಹೋದೆ, ತಂದೆ, ತಿಂದೆ, ಕೊಟ್ಟೆ, ಬಿಟ್ಟೆ, ಇಟ್ಟೆ, ನಿಂತೆ, ಬಿದ್ದೆ, ಎದ್ದೆ ತಮ್ಮ ದಾರಿಯಲ್ಲಿ ಹೋಗುತ್ತವೆ. ದಿನಬಳಕೆಯ ಇಂಥವು ಇಪ್ಪತ್ತೈದನ್ನು ಆರಿಸಿ, ದಿನಕ್ಕೆ ಐದರಂತೆ ಕೊಡಿ. ಎಂಟನೇ ವಾರ ಫೋನ್ ಮಾತು ಮಾತ್ರ. ಮುಖ, ಕೈಸನ್ನೆ ಕಾಣದಿದ್ದಾಗ ಅರ್ಥವಾಗುತ್ತದೆಯೋ ಎಂಬುದೇ ನಿಜವಾದ ಪರೀಕ್ಷೆ.

ಉಚ್ಚಾರದಲ್ಲಿ ಲ-ಳ ಮೊದಲ ವಾರದಲ್ಲೇ ಮುಗಿಸಿ. ಕಾರಣ ಬಿಡಿಸಿ ಹೇಳಬೇಕಿಲ್ಲ, "ಹೇಳಿ" ಎನ್ನಲು ಹೋಗಿ "ಹೇಲಿ" ಎಂದವರ ಗತಿ ಕನ್ನಡದವರಿಗೆಲ್ಲ ಗೊತ್ತು. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಸಿ ಅಂಗುಳಕ್ಕೆ ತಾಗಿಸುವುದನ್ನು ಕ್ಯಾಮೆರಾಗೆ ಬಾಯಿ ಹತ್ತಿರ ತಂದು ತೋರಿಸಿ. ಬೆಳಕು ಮುಖದ ಮುಂದೆ ಇರಲಿ, ಕಿಟಕಿ ಬೆನ್ನ ಹಿಂದಿದ್ದರೆ ಬಾಯಿಯೊಳಗೆ ಕತ್ತಲು. ಹಿಂದಿಯವರಿಗೆ ಇನ್ನೊಂದು ಕಷ್ಟ ಹ್ರಸ್ವ ಎ, ಒ. "ಬೆಳೆ" ಕೂಡ "ಬೇಳೆ"ಯಾಗುತ್ತದೆ. ಕೊಡಿ-ಕುಡಿ, ಕಲ್ಲು-ಕಾಲು-ಕಾಳು, ಇಳಿ-ಇಲಿ, ಹಲ್ಲು-ಹಾಲು ಜೋಡಿಗಳನ್ನು ದಿನಾ ಎರಡು ನಿಮಿಷ ಆಡಿಸಿ.

ತಮಿಳು, ತೆಲುಗಿನವರನ್ನು ಹಿಂದಿಯವರ ಬ್ಯಾಚಿಗೆ ಸೇರಿಸಬೇಡಿ. ವಾಕ್ಯದ ಕಟ್ಟು ಅವರಿಗೆ ಆಗಲೇ ಗೊತ್ತು, ಎರಡನೇ ವಾರಕ್ಕೆ ಮುಂದೆ ಓಡುತ್ತಾರೆ, ಹಿಂದಿಯವರು ತಾವೇ ದಡ್ಡರು ಎಂದುಕೊಳ್ಳುತ್ತಾರೆ. ತಮಿಳರಿಗೆ "ನಿಮ್ಮ ಪ ನಮ್ಮ ಹ" ಎಂಬ ಕೀಲಿಕೈ ಕೊಡಿ: ಪಾಲ್-ಹಾಲು, ಪೂ-ಹೂ, ಪುಲಿ-ಹುಲಿ. ಹಳಗನ್ನಡದಲ್ಲಿ ನಮ್ಮದೂ ಪಕಾರವೇ ಆಗಿತ್ತು. ಅವರ ಮುಖ ಅರಳುವುದನ್ನು ನೋಡಿದಾಗ ನಿಮ್ಮ ಅನುಮಾನ ಎಲ್ಲಿತ್ತೆಂದು ಹುಡುಕಬೇಕಾಗುತ್ತದೆ.

---

ಲೆಕ್ಕದಪುಸ್ತಕ:

ಫೀಸಿನ ಮುಜುಗರಕ್ಕೆ ಮದ್ದು ಲೆಕ್ಕ. ಎಷ್ಟು ಕೇಳಬೇಕು ಅಂತ ಮನಸ್ಸನ್ನ ಕೇಳಿದರೆ ಅದು ಯಾವಾಗಲೂ "ಸ್ವಲ್ಪ ಕಡಿಮೆ ಮಾಡು" ಅನ್ನುತ್ತೆ. ಹಾಳೆ ಮೇಲೆ ಹಾಕಿ.

ಐದು ಜನರ ಬ್ಯಾಚ್, 45 ನಿಮಿಷದ 24 ತರಗತಿ ಅಂದರೆ 18 ಗಂಟೆ ಪಾಠ. ಮೊದಲ ಬ್ಯಾಚಿಗೆ ತಯಾರಿ ಪಾಠದಷ್ಟೇ ಹೊತ್ತು ತಗೊಳ್ಳುತ್ತೆ, ಇನ್ನೊಂದು 18. ತರಗತಿಯ ದಿನ ಒಬ್ಬೊಬ್ಬರೂ ಕಳಿಸೋ ಉಚ್ಚಾರದ ಧ್ವನಿ ಸಂದೇಶ ತಿದ್ದೋದಕ್ಕೆ ತಲಾ ಎರಡು ನಿಮಿಷದ ಹಾಗೆ 120 ಸಂದೇಶಕ್ಕೆ ನಾಲ್ಕು ಗಂಟೆ. ಒಟ್ಟು 40 ಗಂಟೆ. ತಲಾ 3,600 ರೂಪಾಯಿ ಇಟ್ಟರೆ 18,000 ಬರುತ್ತೆ, ಗಂಟೆಗೆ 450. ಒಬ್ಬರಿಗೆ ತರಗತಿಯೊಂದಕ್ಕೆ 150. ಈಗ ಹೇಳಿ, ಇದರಲ್ಲಿ ಮುಜುಗರ ಪಡೋದು ಏನಿದೆ? ಎರಡನೇ ಬ್ಯಾಚಿಗೆ ತಯಾರಿ ಆರು ಗಂಟೆಗೆ ಇಳಿದರೆ ಒಟ್ಟು 28 ಗಂಟೆ, ಆಗ ಗಂಟೆಗೆ 640 ದಾಟುತ್ತೆ. ಶುರುವಿನಲ್ಲಿ ಕಡಿಮೆ ಅನಿಸಿದ್ದು ಆಮೇಲೆ ಸರಿಹೋಗೋದು ಹೀಗೆ.

ಮೊದಲ ಬ್ಯಾಚನ್ನ ಪುಕ್ಕಟೆ ಮಾಡಬೇಡಿ. ಪುಕ್ಕಟೆ ಸೇರಿದವರು ನಾಲ್ಕನೇ ತರಗತಿಗೆ ಮಾಯ. ಅವರು ಬಿಟ್ಟಿದ್ದು ಕೈಯಿಂದ ಏನೂ ಹೋಗದೆ ಇದ್ದದ್ದಕ್ಕೆ, ನೀವು ಅಂದುಕೊಳ್ಳೋದು "ನನ್ನ ಪಾಠ ಚೆನ್ನಾಗಿಲ್ಲ" ಅಂತ. ಬೇಕಿದ್ದರೆ ಮೊದಲ ಐದು ಜನಕ್ಕೆ ಅರ್ಧ, 1,800 ರೂಪಾಯಿ, ಅಂತ ಹಾಕಿ. ಪೂರ್ತಿ ಫೀಸು ಎಷ್ಟು ಅನ್ನೋದನ್ನೂ ಪಕ್ಕದಲ್ಲೇ ಬರೀರಿ, ಇಲ್ಲಾಂದ್ರೆ ಅವರ ಪರಿಚಯದವರೂ ಅದೇ ರೇಟಿಗೆ ಬರ್ತಾರೆ.

ಹಣ ವಾಪಸ್ ನಿಯಮ ಮೊದಲೇ ಲಿಖಿತವಾಗಿ ಕಳಿಸಿ: ಎರಡನೇ ತರಗತಿವರೆಗೆ ಪೂರ್ತಿ ವಾಪಸ್, ಎಂಟನೆಯದರವರೆಗೆ ಅರ್ಧ, ಆಮೇಲೆ ಇಲ್ಲ. ಫೀಸು ಕೇಳೋವಾಗ ಒಳಗೊಳಗೇ ಚುಚ್ಚೋ "ಅವರಿಗೆ ಮೋಸ ಆಗಬಹುದಾ" ಅನ್ನೋ ಭಾವ ಈ ಒಂದು ಸಾಲಿಗೆ ಹೋಗುತ್ತೆ. ಮೊತ್ತವನ್ನ ಫೋನಲ್ಲಿ ಹೇಳೋಕೆ ನಾಲಿಗೆ ತಡವರಿಸಿದರೆ ಹೇಳಲೇಬೇಡಿ, ದಿನ, ಸಮಯ, ಫೀಸು, ವಾಪಸ್ ನಿಯಮ ನಾಲ್ಕೂ ಇರುವ ಒಂದೇ ಸಂದೇಶ ಬರೆದಿಟ್ಟುಕೊಂಡು ಎಲ್ಲರಿಗೂ ಅದನ್ನೇ ಕಳಿಸಿ. ಕಳಿಸಿದ ಮೇಲೆ "ಜಾಸ್ತಿ ಆಯ್ತಾ?" ಅಂತ ನೀವಾಗೇ ಕೇಳೋದು ಬೇಡ.

ಸಲಕರಣೆ: ಜೂಮ್ ಉಚಿತ ಖಾತೆ 40 ನಿಮಿಷಕ್ಕೆ ಕತ್ತರಿಸುತ್ತೆ, ಸರಿಯಾಗಿ ಕೊನೆಯ ಅಭ್ಯಾಸದ ಹೊತ್ತಿಗೆ. ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಹೆಚ್ಚು ಜನ ಇದ್ದರೆ 60 ನಿಮಿಷ ಉಚಿತ, ನಿಮಗೆ ಅದು ಸಾಕು. ವೈರ್ ಇರೋ ಇಯರ್‌ಫೋನ್ ತಗೊಳ್ಳಿ, ಬ್ಲೂಟೂತಲ್ಲಿ ಮೈಕ್ ಆನ್ ಆದ ಕೂಡಲೇ ಸಾಮಾನ್ಯವಾಗಿ ಧ್ವನಿಯ ಗುಣಮಟ್ಟ ಇಳಿಯುತ್ತೆ, ಲ-ಳ ವ್ಯತ್ಯಾಸ ಸರಿಯಾಗಿ ಕೇಳಿಸದೇ ಇರಬಹುದು. ಶಾಲೆಯ ಹಾಗೆ "ಎಲ್ಲರೂ ಒಟ್ಟಿಗೆ ಹೇಳಿ" ಅನ್ನಬೇಡಿ. ಒಬ್ಬೊಬ್ಬರ ಧ್ವನಿ ಒಂದೊಂದು ಹೊತ್ತಿಗೆ ತಲುಪಿ ಸಂತೆ ಆಗುತ್ತೆ. ಹೆಸರಿನ ಕ್ರಮ ಬರೆದಿಟ್ಟುಕೊಂಡು ಒಬ್ಬರಾದ ಮೇಲೆ ಒಬ್ಬರು. ಉಚ್ಚಾರ ತಿದ್ದೋದಕ್ಕೆ 30 ಸೆಕೆಂಡಿನ ವಾಟ್ಸಾಪ್ ಧ್ವನಿ ಸಂದೇಶವೇ ಒಳ್ಳೇದು, ನೆಟ್‌ವರ್ಕ್ ಕೈಕೊಟ್ಟರೂ ರೆಕಾರ್ಡ್ ಆದದ್ದು ಪೂರ್ತಿ ತಲುಪುತ್ತೆ.

ತೆರಿಗೆ ಭಯ ಇದ್ದರೆ: ಸೇವೆ ಕೊಡುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ. ಆದಾಯ ತೆರಿಗೆ ವಿವರದಲ್ಲಿ ಮಾತ್ರ ತೋರಿಸಬೇಕು. ಸರ್ಕಾರಿ ಕೆಲಸದಲ್ಲಿದ್ದರೆ ಅನುಮತಿ ಇಲ್ಲದೆ ಖಾಸಗಿ ಸಂಪಾದನೆ ಮಾಡೋ ಹಾಗಿಲ್ಲ, ಅದನ್ನ ಮೊದಲು ನೋಡಿಕೊಳ್ಳಿ.

---

ಏಲಕ್ಕಿಹಾರ:

ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ಧನ್ಯವಾದ. ಸರ್ಕಾರಿ ಕೆಲಸ ಇಲ್ಲ. ಕಾಗುಣಿತ ಸರ್ ಕೊಟ್ಟ ಪ್ರಶ್ನೆಗಳಲ್ಲಿ ಮೂರಕ್ಕೆ ಉತ್ತರ ಬಂತು, "ಕ್ಕೆ-ಗೆ" ಬರಲಿಲ್ಲ, "ಹೋಗಿಲ್ಲ-ಹೋಗ್ಲಿಲ್ಲ" ಬಿಡಿಸಿ ಹೇಳೋಕಾಗಲಿಲ್ಲ.

ಇನ್ನೂ ಎರಡು ಕೇಳಲಾ? ಪಾಠದ ಮಧ್ಯೆ ಗೊತ್ತಿಲ್ಲದ್ದು ಕೇಳಿಬಿಟ್ಟರೆ? ಇಂಗ್ಲಿಷ್ ವಿಷಯ ಯಾರೂ ಹೇಳಲಿಲ್ಲ.

---

ಕಾಗುಣಿತ:

ಬಾರದ ಎರಡು ಯಾವುವು ಎಂದು ಈಗ ಗೊತ್ತಾಯಿತಲ್ಲ, ಮೂರು ತಿಂಗಳಿಂದ "ವ್ಯಾಕರಣ ಬರುವುದಿಲ್ಲ" ಎಂದು ಇತ್ತು. "ಹೋಗ್ಲಿಲ್ಲ" ಎಂದರೆ ಆ ಹೊತ್ತು ಮುಗಿಯಿತು, ನಿನ್ನೆ ಹೋಗಲಿಲ್ಲ. "ಹೋಗಿಲ್ಲ" ಎಂದರೆ ಇಲ್ಲಿಯವರೆಗೆ ಆಗಿಲ್ಲ, ಇನ್ನೂ ಹೋಗಿಲ್ಲ. "ನಿನ್ನೆ" ಮತ್ತು "ಇನ್ನೂ" ಎಂಬ ಎರಡು ಪದ ಜೊತೆಗಿಟ್ಟು ಕಲಿಸಿದರೆ ಸಾಕು.

ಗೊತ್ತಿಲ್ಲದ್ದು ಕೇಳಿದಾಗ ಕಾರಣ ಕಟ್ಟಬೇಡಿ. ಅಲ್ಲಿಯೇ ಹೊಳೆದ ನಿಯಮ ಮುಂದಿನ ವಾರ ನಿಮ್ಮದೇ ಉದಾಹರಣೆಗೆ ಹೊಂದದೆ ಸಿಕ್ಕಿಹಾಕಿಕೊಳ್ಳುತ್ತೀರಿ. "ಹೀಗೆ ಹೇಳುತ್ತೇವೆ, ಕಾರಣ ಮುಂದಿನ ತರಗತಿಯಲ್ಲಿ ಹೇಳುತ್ತೇನೆ" ಎಂದು ವಾಕ್ಯವನ್ನು ಕೊಟ್ಟು, ಪ್ರಶ್ನೆಯನ್ನು ಅವರ ಎದುರಿಗೇ ಬರೆದುಕೊಳ್ಳಿ. ಮುಂದಿನ ತರಗತಿಯ ಮೊದಲ ಐದು ನಿಮಿಷ ಅದಕ್ಕೆ. ಮರೆತರೆ ಮಾತ್ರ ನಂಬಿಕೆ ಹೋಗುತ್ತದೆ.

---

ಅರಳಿಕಟ್ಟೆ:

ಇಂಗ್ಲಿಷ್ ಬಗ್ಗೆ. ತರಗತಿಯಲ್ಲಿ ಬೇಕಾಗೋ ವಾಕ್ಯಗಳು ನಲವತ್ತು-ಐವತ್ತು ಅಷ್ಟೇ: ಇನ್ನೊಮ್ಮೆ ಹೇಳಿ, ನಿಧಾನಕ್ಕೆ, ಇದರ ಅರ್ಥ ಹೀಗೆ, ಈಗ ನೀವು ಗಿರಾಕಿ ನಾನು ಅಂಗಡಿಯವಳು, ಮೈಕ್ ಹಾಕಿ. ಬರೆದು ಬಾಯಿಗೆ ಕೂರಿಸಿಕೊಳ್ಳಿ, ವಾರದ ಕೆಲಸ. ಮೂರನೇ ತರಗತಿಯಿಂದ ಅವುಗಳಲ್ಲಿ ಹತ್ತನ್ನ ಕನ್ನಡದಲ್ಲೇ ಹೇಳೋಕೆ ಶುರು ಮಾಡಿ, ಐದನೇ ವಾರಕ್ಕೆ ಎಲ್ಲವೂ ಕನ್ನಡಕ್ಕೆ ಬರಲಿ. ನಿರರ್ಗಳ ಇಂಗ್ಲಿಷ್ ಇರುವ ಶಿಕ್ಷಕರು ಇಲ್ಲೇ ಸೋಲೋದು. 45ರಲ್ಲಿ 30 ನಿಮಿಷ ಕನ್ನಡದ ಬಗ್ಗೆ ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತಾಡಿಬಿಡ್ತಾರೆ.

ಯೂಟ್ಯೂಬ್ "ಹೇಳಿ" ಅನ್ನೋದನ್ನ ತೋರಿಸುತ್ತೆ. ನೋಡುವವರು "ಹೇಲಿ" ಅಂದರೆ ಅದಕ್ಕೆ ಕೇಳಿಸಲ್ಲ. ನಿಮಗೆ ಕೇಳಿಸುತ್ತೆ. ನೀವು ಮಾರ್ತಿರೋದು ಅದು. 2011ರ ಜನಗಣತಿಯಲ್ಲೇ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ, ನಿಮಗೆ ಬೇಕಿರೋದು ಐದು ಜನ.

ಪೋಸ್ಟರ್ ಇಲ್ಲಿ ಹಾಕಿ ನೋಡೋಣ.

---

ಏಲಕ್ಕಿಹಾರ:

ಹಳೇದರಲ್ಲಿ "ನಿರರ್ಗಳ" ಇತ್ತು, ತೆಗೆದೆ. ಈಗ ಹೀಗಿದೆ:

"ಮಾತಾಡೋ ಕನ್ನಡ. 8 ವಾರ, 24 ತರಗತಿ, ಐದೇ ಜನ. ಕೊನೆಗೆ ನೀವು: ಆಟೋದವರ ಜೊತೆ ದರ ಮಾತಾಡ್ತೀರಿ, ತರಕಾರಿ ತರ್ತೀರಿ, ಫೋನಲ್ಲಿ ಡೆಲಿವರಿಯವರಿಗೆ ದಾರಿ ಹೇಳ್ತೀರಿ. ಓದು ಬರಹ ಇದರಲ್ಲಿ ಇಲ್ಲ. ಸೋಮ, ಬುಧ, ಶುಕ್ರ ರಾತ್ರಿ 8:30ರಿಂದ 9:15. ಫೀಸು 3,600, ಮೊದಲ ಬ್ಯಾಚಿಗೆ 1,800. ಎರಡು ತರಗತಿಯೊಳಗೆ ಬೇಡ ಅನಿಸಿದರೆ ಪೂರ್ತಿ ವಾಪಸ್."

ಮೂರು ಜನರ ಪ್ರಯೋಗ ಮುಗಿಸಿ ಹಾಕ್ತೀನಿ. ಪಕ್ಕದ ಮನೆಯವರ ಅಳಿಯ ಒಡಿಶಾದವರು, ಅವರಿಂದ ಶುರು.

---

ಗಿರ್ಮಿಟ್:

ಛಲೋ ಆಗೇತಿ ಅಕ್ಕಾರ. ಆದ್ರ ಕನ್ನಡ ಬರದವ್ರಿಗೆ ಪೋಸ್ಟರ್ ಕನ್ನಡದಾಗ ಬರ್ದೀರಿ, ಓದಾವ್ರು ಯಾರು? ಇಂಗ್ಲಿಷ್‌ನ್ಯಾಗೂ ಹಿಂದಿಯಾಗೂ ಒಂದೊಂದು ಮಾಡ್ರಿ.

---

ಲೆಕ್ಕದಪುಸ್ತಕ:

ಫೋನ್ ನಂಬರೂ ಇಲ್ಲ ಮೇಡಂ. ಇಲ್ಲಿ ಹಾಕಬೇಡಿ, ಪೋಸ್ಟರಲ್ಲಿ ಹಾಕಿ.